1995ರ ನ್ಯೂಜೆರ್ಸಿ ತಂಡ ಐಸ್ ಹಾಕಿಯನ್ನು ಹಾಳು ಮಾಡಿತೇ?

ಹಡ್ಸನ್ ತೀರ

ಕಳೆದ ಶನಿವಾರ ಕನ್ನಡ ಕೂಟದ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಇದ್ದ ಹಿರಿಯರೊಬ್ಬರು ನನ್ನ ಟೋಪಿಯ ಮೇಲಿನ ನ್ಯೂಜೆರ್ಸಿ ಡೆವಿಲ್ಸ್ ತಂಡದ ಗುರುತು ನೋಡಿ, "ಐಸ್ ಹಾಕಿಯನ್ನು ಹಾಳು ಮಾಡಿದವರು ಇವರೇ ಅಲ್ಲವೇ?" ಎಂದರು. ತಟ್ಟೆ ಹಿಡಿದುಕೊಂಡು ಅಲ್ಲಿ ವಾದ ಮಾಡುವುದು ಸರಿಯೆನಿಸಲಿಲ್ಲ. ಆದರೆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನ್ಯೂಜೆರ್ಸಿಗೆ ಬಂದದ್ದು 1994ರ ಕೊನೆಯಲ್ಲಿ. ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಆ ಸಲದ ಲೀಗ್ ಆರಂಭವಾದದ್ದು ಜನವರಿಯಲ್ಲಿ. ಒಂದೊಂದು ತಂಡಕ್ಕೆ 48 ಪಂದ್ಯಗಳಷ್ಟೇ ಸಿಕ್ಕವು. ಊರಿನಲ್ಲಿ ಗುರುತಿನವರಿಲ್ಲ, ಹೊರಗೆ ಹಿಮ. ಸಂಜೆ ಟಿವಿಯಲ್ಲಿ ಈ ಆಟ ನೋಡುತ್ತ ಕುಳಿತುಕೊಳ್ಳುತ್ತಿದ್ದೆ. ಜೂನ್ ಬರುವ ಹೊತ್ತಿಗೆ ನಮ್ಮ ತಂಡ ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್‌ನ ಫೈನಲ್‌ನಲ್ಲಿತ್ತು. ಎದುರಿಗೆ ಡೆಟ್ರಾಯಿಟ್ ರೆಡ್ ವಿಂಗ್ಸ್, ಆ ವರ್ಷ ಲೀಗ್ ಹಂತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದ ತಂಡ. ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ನಾವೇ ಗೆದ್ದೆವು.

ತರಬೇತುದಾರ ಜಾಕ್ ಲಮೇರ್ ಬಳಸಿದ ತಂತ್ರಕ್ಕೆ 'ಟ್ರ್ಯಾಪ್' ಎಂದು ಹೆಸರು. ಎದುರಾಳಿಯ ಬೆನ್ನು ಹತ್ತಿ ಓಡುವುದಕ್ಕಿಂತ ಮೈದಾನದ ನಡುವೆ ದಾರಿ ಕಟ್ಟಿ ಕಾಯುವುದು. ಹಿಂದೆ ಸ್ಕಾಟ್ ಸ್ಟೀವನ್ಸ್, ಸ್ಕಾಟ್ ನೀಡರ್‌ಮೇಯರ್, ಕೆನ್ ಡನೇಕೊ. ಅವರ ಹಿಂದೆ ಗೋಲಿನಲ್ಲಿ ಮಾರ್ಟಿನ್ ಬ್ರೊಡೂರ್. ಇದನ್ನು ನೋಡಲು ಬೇಸರ ಎಂದು ಅಂದೂ ಹೇಳಿದರು, ಇಂದೂ ಹೇಳುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಆ ಫೈನಲ್‌ನ ನಾಲ್ಕು ಪಂದ್ಯಗಳ ಫಲಿತಾಂಶ 2-1, 4-2, 5-2, 5-2. ನಾವು ಹೊಡೆದದ್ದು 16 ಗೋಲು. ಅದರ ಹಿಂದಿನ ವರ್ಷ, 1993-94ರಲ್ಲಿ, ಇದೇ ಲಮೇರ್ ಕೈಕೆಳಗೆ ಲೀಗ್‌ನಲ್ಲಿ 306 ಗೋಲು ಹೊಡೆದಿದ್ದೆವು; ನಮಗಿಂತ ಹೆಚ್ಚು ಹೊಡೆದದ್ದು ಡೆಟ್ರಾಯಿಟ್ ಮಾತ್ರ. ಗೋಲು ಹೊಡೆಯುವ ತಂಡವನ್ನು ರಕ್ಷಣೆಯ ತಂಡವೆಂದು ಕರೆದು ಮೂವತ್ತು ವರ್ಷ ದೂರುವುದು ನ್ಯಾಯವೇ? ಲಮೇರ್ ಸ್ವತಃ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಮುನ್ನಡೆ ಆಟಗಾರನಾಗಿ ಎಂಟು ಕಪ್ ಗೆದ್ದವರು. ಅವುಗಳಲ್ಲಿ ಐದು ಸ್ಕಾಟಿ ಬೋಮನ್ ತರಬೇತಿಯಲ್ಲಿ ಬಂದವು. 1995ರಲ್ಲಿ ಡೆಟ್ರಾಯಿಟ್ ಬೆಂಚಿನ ಹಿಂದೆ ನಿಂತಿದ್ದವರೂ ಅದೇ ಬೋಮನ್. ಗುರುವನ್ನು ಶಿಷ್ಯ ಸೋಲಿಸಿದ ಪಂದ್ಯಗಳು ಅವು. ಅಂಥದ್ದನ್ನು ಬೇಸರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎಡ್ಮಂಟನ್ ಚಳಿಗಾಳಿ

ಹಡ್ಸನ್ ತೀರದವರೇ, ನಿಮ್ಮ ಅಭಿಮಾನ ಅರ್ಥವಾಗುತ್ತದೆ. ಆದರೂ ಆ ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ.

ನಾನು ಇಪ್ಪತ್ತೆರಡು ವರ್ಷಗಳಿಂದ ಕೆನಡಾದ ಆಲ್ಬರ್ಟಾದಲ್ಲಿದ್ದೇನೆ. ಈ ಊರಿನ ಹಳಬರು ಹಾಕಿಯ ಮಾತು ತೆಗೆದರೆ 1980ರ ದಶಕಕ್ಕೇ ಹೋಗಿ ನಿಲ್ಲುತ್ತಾರೆ. 1983-84ರಲ್ಲಿ ಎಡ್ಮಂಟನ್ ಆಯಿಲರ್ಸ್ 80 ಪಂದ್ಯಗಳಲ್ಲಿ 446 ಗೋಲು ಹೊಡೆದರು. ಇಂದಿಗೂ ಆ ದಾಖಲೆಯನ್ನು ಯಾರೂ ಮುಟ್ಟಿಲ್ಲ. 1981-82ರಿಂದ ಸತತ ಐದು ವರ್ಷ ಪ್ರತಿ ಸಲವೂ 400 ದಾಟಿದರು. ಅವರ ತಾರೆ ವೇಯ್ನ್ ಗ್ರೆಟ್ಜ್ಕಿ ಎದುರಾಳಿಯ ಗೋಲಿನ ಹಿಂದೆ ಪಕ್ (ಆಟದ ರಬ್ಬರ್ ಬಿಲ್ಲೆ) ಹಿಡಿದು ನಿಲ್ಲುತ್ತಿದ್ದರು. ಆ ಜಾಗವನ್ನು ಜನ 'ಗ್ರೆಟ್ಜ್ಕಿಯ ಕಚೇರಿ' ಎಂದೇ ಕರೆದರು. ಎಡಕ್ಕೆ ಬರುತ್ತಾರೋ ಬಲಕ್ಕೆ ಬರುತ್ತಾರೋ ಗೋಲ್‌ಕೀಪರ್‌ಗೆ ತಿಳಿಯದು. ಕುತ್ತಿಗೆ ತಿರುಗಿಸುವಷ್ಟರಲ್ಲಿ ಪಕ್ ಇನ್ನೊಬ್ಬರ ಕೋಲಿನಲ್ಲಿ, ಮರುಕ್ಷಣ ಬಲೆಯಲ್ಲಿ. ಪಾಲ್ ಕಾಫಿ ಡಿಫೆನ್ಸ್‌ಮನ್ ಆಗಿದ್ದೂ 1985-86ರಲ್ಲಿ 48 ಗೋಲು ಹೊಡೆದರು. ರಕ್ಷಣೆಗೆಂದು ಇಟ್ಟ ಆಟಗಾರ!

ಆ ದಶಕದ ಆರಂಭದಲ್ಲಿ ಪಂದ್ಯವೊಂದಕ್ಕೆ ಎರಡೂ ತಂಡ ಸೇರಿ ಸರಾಸರಿ 8 ಗೋಲು ಬೀಳುತ್ತಿದ್ದವು. 2003-04ಕ್ಕೆ ಅದು 5ರ ಆಸುಪಾಸಿಗೆ ಇಳಿಯಿತು. ನಡುವೆ ಏನಾಯಿತು? ನಿಮ್ಮ ಲಮೇರ್ ಕಪ್ ಗೆದ್ದರು, ಉಳಿದವರು ನಕಲು ಮಾಡಿದರು. ನಿಮ್ಮಲ್ಲಿ ಸ್ಟೀವನ್ಸ್ ಇದ್ದರು, ಬ್ರೊಡೂರ್ ಇದ್ದರು. ನಕಲು ಮಾಡಿದವರಲ್ಲಿ ಅವರಿರಲಿಲ್ಲ. ಹಾಗಾಗಿ ಅವರು ಎದುರಾಳಿಯ ಸೊಂಟಕ್ಕೆ ಕೋಲು ಸಿಕ್ಕಿಸಿದರು, ತೋಳು ಹಿಡಿದು ಎಳೆದರು, ದಾರಿಗೆ ಅಡ್ಡ ನಿಂತರು. ರೆಫರಿಗಳು ನೋಡಿಯೂ ನೋಡದಂತೆ ಇದ್ದರು. ಮಾರಿಯೊ ಲೆಮ್ಯೂ ಅವರಂಥ ಆಟಗಾರನೇ ಈ ಹಿಡಿದೆಳೆಯುವ ಆಟದ ವಿರುದ್ಧ ಬಹಿರಂಗವಾಗಿ ಸಿಡಿಮಿಡಿಗೊಂಡರು. ದೇವರು ಕೊಟ್ಟ ಕೈಚಳಕವನ್ನು ಕೋಲಿನ ಕೊಕ್ಕೆಯಿಂದ ಕಟ್ಟಿಹಾಕಿದ ಕಾಲ ಅದು. ಅದನ್ನು ನಾನು ಕ್ಷಮಿಸಲಾರೆ.

ಗೋಣಿಕೊಪ್ಪದವ

ನಾನು ಐಸ್ ಹಾಕಿ ನೋಡಲು ತೊಡಗಿ ಎರಡೇ ವರ್ಷವಾಯಿತು. ಕೊಡಗಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ನೆಲದ ಹಾಕಿ ರಕ್ತದಲ್ಲೇ ಇದೆ. ಶಾಲೆಯಲ್ಲಿ ಹಾಫ್ ಆಗಿ ಆಡುತ್ತಿದ್ದೆ. ನನಗೆ ಒಂದು ಅನುಮಾನ. ನಡುವೆ ಐದು ಜನ ದಾರಿ ಕಟ್ಟಿ ನಿಂತರೆ ಹಿಂದಿನಿಂದ ಒಂದು ಉದ್ದ ಪಾಸ್ ಕೊಟ್ಟು ಅವರೆಲ್ಲರನ್ನೂ ದಾಟಿಸಬಾರದೇ? ನಮ್ಮ ಹಾಕಿಯಲ್ಲಿ 1990ರ ದಶಕದ ಕೊನೆಗೆ ಆಫ್‌ಸೈಡ್ ನಿಯಮವೇ ಹೋಯಿತು. ಆಮೇಲೆ ಮುಂದಿನವನು ಎದುರಾಳಿಯ ಸರ್ಕಲ್ ಹತ್ತಿರವೇ ನಿಂತು ಕಾಯಬಹುದು. ಇಲ್ಲಿ ಯಾಕೆ ಹಾಗೆ ಮಾಡಲಿಲ್ಲ?

ನೀಲಿಗೆರೆ

ಗೋಣಿಕೊಪ್ಪದವರೇ, ನೀವು ಕೇಳಿದ ಪ್ರಶ್ನೆಯಲ್ಲೇ ಈ ಚರ್ಚೆಯ ತಿರುಳಿದೆ. ನಾನು ಮಿನೆಸೋಟದಲ್ಲಿ ವಯಸ್ಕರ ಸಂಜೆ ಲೀಗ್‌ನಲ್ಲಿ ಹದಿನೈದು ವರ್ಷಗಳಿಂದ ಡಿಫೆನ್ಸ್ ಆಡುತ್ತಿದ್ದೇನೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾವು ಮಾತನಾಡುತ್ತಿರುವ ಲೀಗ್ ಎನ್‌ಎಚ್‌ಎಲ್. ಅದರ ರಿಂಕ್, ಅಂದರೆ ಹಿಮದ ಅಂಗಳ, 200 ಅಡಿ ಉದ್ದ, 85 ಅಡಿ ಅಗಲ. ನಡುವೆ ಒಂದು ಕೆಂಪು ಗೆರೆ, ಅದರ ಆಚೆ ಈಚೆ ಒಂದೊಂದು ನೀಲಿ ಗೆರೆ. ಎರಡು ನೀಲಿ ಗೆರೆಗಳ ನಡುವಿನದು ಮಧ್ಯವಲಯ. ಪಕ್ ಎದುರಾಳಿಯ ನೀಲಿ ಗೆರೆ ದಾಟುವ ಮೊದಲು ನಮ್ಮವರು ಯಾರೂ ದಾಟುವಂತಿಲ್ಲ, ದಾಟಿದರೆ ಆಫ್‌ಸೈಡ್. ಆ ನಿಯಮ ಈಗಲೂ ಇದೆ, ಆದ್ದರಿಂದ ಗೋಲಿನ ಬಳಿ ಹೋಗಿ ಕಾಯುವ ಮಾತೇ ಇಲ್ಲ.

ಈಗ ಟ್ರ್ಯಾಪ್. ಎದುರಾಳಿ ತನ್ನ ಗೋಲಿನ ಹತ್ತಿರದಿಂದ ಪಕ್ ತರುತ್ತಿದ್ದಾನೆ ಎಂದುಕೊಳ್ಳಿ. ನಮ್ಮ ಒಬ್ಬನೇ ಮುಂದೆ ಹೋಗುತ್ತಾನೆ. ಅವನ ಕೆಲಸ ಪಕ್ ಕಸಿಯುವುದಲ್ಲ. ವಕ್ರವಾಗಿ ಸ್ಕೇಟ್ ಮಾಡುತ್ತ ಬಂದು ಎದುರಾಳಿಯನ್ನು ಒಂದು ಬದಿಗೆ, ರಿಂಕ್ ಸುತ್ತಲಿನ ಗೋಡೆಯಾದ ಬೋರ್ಡಿನ ಕಡೆಗೆ, ಒತ್ತರಿಸುವುದು. ದನವನ್ನು ದೊಡ್ಡಿಯ ಬಾಗಿಲಿಗೆ ತಿರುಗಿಸುವ ಹಾಗೆ. ಆ ಬದಿಯಲ್ಲಿ ನಮ್ಮ ಇನ್ನೊಬ್ಬ ಕಾಯುತ್ತಿರುತ್ತಾನೆ. ಮತ್ತೊಬ್ಬ ನಡುವಿನ ಪಾಸ್ ದಾರಿಯಲ್ಲಿ ಕೋಲು ಇಟ್ಟಿರುತ್ತಾನೆ. ಇಬ್ಬರು ಡಿಫೆನ್ಸ್‌ಮನ್‌ಗಳು ಹಿಂದೆ ನೀಲಿ ಗೆರೆ ಕಾಯುತ್ತಾರೆ. ಒಂದು, ಎರಡು, ಎರಡು. ಪಕ್ ಹಿಡಿದವನಿಗೆ ಒಂದು ಕಡೆ ಗೋಡೆ, ಮೂರು ಕಡೆ ಜನ. ಅವನು ತಪ್ಪಿದರೆ ಅವನ ಜೊತೆಗಾರರೆಲ್ಲ ಮುಂದಕ್ಕೆ ಓಡುತ್ತಿರುತ್ತಾರೆ, ನಾವು ಮಾತ್ರ ಅವರ ಗೋಲಿನ ಕಡೆ ಮುಖ ಮಾಡಿರುತ್ತೇವೆ. ಹಡ್ಸನ್ ತೀರದವರು ಹೇಳಿದ 16 ಗೋಲುಗಳ ಗುಟ್ಟು ಅಲ್ಲಿದೆ. ಟ್ರ್ಯಾಪ್ ಕೇವಲ ಗೋಡೆಯಲ್ಲ, ಅದು ಪ್ರತಿದಾಳಿಯ ಹೊಂಚು.

ಉದ್ದ ಪಾಸ್ ಏಕೆ ಕೊಡಲಿಲ್ಲ ಎಂದರೆ, ಕೊಡುವಂತಿರಲಿಲ್ಲ. ತನ್ನ ನೀಲಿ ಗೆರೆಯ ಹಿಂದಿನಿಂದ ನಡುವಿನ ಕೆಂಪು ಗೆರೆಯ ಆಚೆ ಇರುವವನಿಗೆ ಪಾಸ್ ಕೊಟ್ಟರೆ, ಅಂದರೆ ಒಂದೇ ಪಾಸ್ ಎರಡು ಗೆರೆ ದಾಟಿದರೆ, ಆಗ ಆಟ ನಿಲ್ಲಿಸುತ್ತಿದ್ದರು. ಹೀಗಾಗಿ ದಾರಿ ಕಟ್ಟುವವರಿಗೆ ಕಾಯಬೇಕಾದ ಜಾಗ ಅರ್ಧದಷ್ಟು ಕಡಿಮೆಯಾಯಿತು. ಲಮೇರ್ ಆ ನಿಯಮವನ್ನು ಬರೆದವರಲ್ಲ. ಇದ್ದ ನಿಯಮವನ್ನು ಎಲ್ಲರಿಗಿಂತ ಚೆನ್ನಾಗಿ ಓದಿದವರು.

2004-05ರಲ್ಲಿ ಮತ್ತೆ ಮಾಲೀಕರ ಮತ್ತು ಆಟಗಾರರ ಜಗಳ. ಈ ಸಲ ಇಡೀ ವರ್ಷದ ಲೀಗ್ ರದ್ದಾಯಿತು. ಮರಳಿ ಬಂದಾಗ ಎರಡು ಗೆರೆಯ ಪಾಸ್ ಮೇಲಿನ ನಿಷೇಧ ತೆಗೆದರು. ಕೋಲು ಸಿಕ್ಕಿಸಿದರೆ, ಹಿಡಿದೆಳೆದರೆ, ಎರಡು ನಿಮಿಷ ಹೊರಗೆ ಕೂರಿಸುವುದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಗೋಲ್‌ಕೀಪರ್‌ಗಳ ಪ್ಯಾಡ್ ಚಿಕ್ಕದು ಮಾಡಿದರು. ಗೋಲಿನ ಹಿಂದೆ ಟ್ರಪೀಜಿಯಂ ಆಕಾರದ ಒಂದು ಜಾಗ ಬಿಟ್ಟು ಉಳಿದ ಮೂಲೆಗಳಲ್ಲಿ ಗೋಲ್‌ಕೀಪರ್ ಪಕ್ ಮುಟ್ಟಬಾರದು ಎಂದರು. ಪಕ್ ಆಡಿಸುವುದರಲ್ಲಿ ಬ್ರೊಡೂರ್ ಎಷ್ಟು ಚತುರರಾಗಿದ್ದರೆಂದರೆ ಅದನ್ನು ಜನ ಬ್ರೊಡೂರ್ ನಿಯಮವೆಂದೇ ಕರೆದರು. ಮೊದಲ ವರ್ಷದಲ್ಲೇ ಸರಾಸರಿ 5ರಿಂದ 6ರ ಆಚೆಗೆ ಏರಿತು.

ಎಡ್ಮಂಟನ್‌ನವರು ಹೇಳಿದ ಇಳಿಕೆಗೆ ಇನ್ನೊಂದು ಕಾರಣವೂ ಉಂಟು. 1980ರ ದಶಕದ ಆರಂಭದಲ್ಲಿ ಗೋಲ್‌ಕೀಪರ್‌ಗಳು ಬಹುಪಾಲು ನಿಂತೇ ಆಡುತ್ತಿದ್ದರು, ರಕ್ಷಾಕವಚ ತೆಳುವಾಗಿತ್ತು. 1986ರಲ್ಲಿ ಪ್ಯಾಟ್ರಿಕ್ ರೋಯ್ ಮಾಂಟ್ರಿಯಲ್‌ಗೆ ಕಪ್ ತಂದ ಮೇಲೆ ಮೊಣಕಾಲೂರಿ ಕಾಲುಗಳನ್ನು ಅಗಲಿಸಿ ಕೆಳಭಾಗ ಮುಚ್ಚುವ 'ಬಟರ್‌ಫ್ಲೈ' ಶೈಲಿ ಹಬ್ಬಿತು. 446 ಗೋಲುಗಳ ತಂಡ ಇಂದಿನ ಗೋಲ್‌ಕೀಪರ್‌ಗಳ ಎದುರು ಅಷ್ಟು ಹೊಡೆಯುತ್ತಿರಲಿಲ್ಲ. ಎಲ್ಲ ಹೊರೆಯನ್ನೂ ನ್ಯೂಜೆರ್ಸಿಯ ತಲೆಯ ಮೇಲೆ ಹೊರಿಸಬೇಡಿ.

ಗೋಲಿಯ ಅಮ್ಮ

ನೀಲಿಗೆರೆಯವರು ಗೋಲ್‌ಕೀಪರ್‌ಗಳ ಮಾತು ತೆಗೆದದ್ದು ಒಳ್ಳೆಯದಾಯಿತು. ಈ ಚರ್ಚೆಯಲ್ಲಿ ಅವರನ್ನು ಯಾರೂ ನೆನೆಯುವುದಿಲ್ಲ.

ನಾವು ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿದ್ದೇವೆ. ಮಗ ಒಂಬತ್ತನೆಯ ವಯಸ್ಸಿನಿಂದ ಗೋಲಿನಲ್ಲಿ ನಿಲ್ಲುತ್ತಾನೆ, ಈಗ ಹದಿನಾರು. ಬೆಳಿಗ್ಗೆ ಐದೂವರೆಗೆ ರಿಂಕ್ ತಲುಪಿ ಫ್ಲಾಸ್ಕಿನ ಕಾಫಿ ಕುಡಿಯುತ್ತ ಗಾಜಿನ ಹಿಂದೆ ಕುಳಿತ ಏಳು ವರ್ಷಗಳಲ್ಲಿ ನಾನು ಕಲಿತದ್ದು ಒಂದು. ದಾಳಿಯ ಆಟ ನೋಡಲು ಚೆಂದ ಎನ್ನುವವರ ಮಕ್ಕಳು ಗೋಲಿನಲ್ಲಿ ನಿಂತಿರುವುದಿಲ್ಲ. ಎರಡು ವರ್ಷದ ಹಿಂದೆ ಅವನ ತಂಡದ ತರಬೇತುದಾರರು ಐವರನ್ನೂ ಮುಂದಕ್ಕೆ ಬಿಟ್ಟು ಆಡಿಸುತ್ತಿದ್ದರು. ಗೆದ್ದರೆ ಏಳು ಗೋಲು, ಸೋತರೆ ಒಂಬತ್ತು. ಸೋತ ದಿನ ಕಾರಿನಲ್ಲಿ ನನ್ನ ಮಗ ಮಾತನಾಡುತ್ತಿರಲಿಲ್ಲ. ಒಂದು ಪಂದ್ಯದಲ್ಲಿ ಎದುರಾಳಿಗಳು ಒಬ್ಬಂಟಿಯಾಗಿ ಅವನ ಮುಂದೆ ಬಂದದ್ದು ಹನ್ನೊಂದು ಸಲ. ನಾನು ಎಣಿಸಿದ್ದೇನೆ. ಗೋಲು ಬಿಟ್ಟವನು ಎಂಬ ಹೆಸರು ಮಾತ್ರ ಅವನದು.

ಆದ್ದರಿಂದ 2018ರಲ್ಲಿ ತರಬೇತುದಾರ ಬ್ಯಾರಿ ಟ್ರಾಟ್ಜ್ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡಕ್ಕೆ ಹೋಗಿ ಮಾಡಿದ್ದನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ಹಿಂದಿನ ವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಬಿಟ್ಟ ತಂಡ ಅದು. ನಾಯಕ ಜಾನ್ ಟವಾರೆಸ್ ನಮ್ಮ ಟೊರೊಂಟೊಗೆ ಬಂದುಬಿಟ್ಟಿದ್ದರು. ಒಂದೇ ವರ್ಷದಲ್ಲಿ ಟ್ರಾಟ್ಜ್ ಅದನ್ನು ಅತಿ ಕಡಿಮೆ ಗೋಲು ಬಿಟ್ಟ ತಂಡವಾಗಿ ಮಾಡಿದರು. ಅಲ್ಲಿನ ಗೋಲ್‌ಕೀಪರ್ ರಾಬಿನ್ ಲೇನರ್ ಮಾನಸಿಕ ಅನಾರೋಗ್ಯದಿಂದಲೂ ಕುಡಿತದ ಚಟದಿಂದಲೂ ಎದ್ದು ಬಂದು, ಅದನ್ನು ಮುಚ್ಚಿಡದೆ ಹೇಳಿಕೊಂಡವರು. ಮುಂದೆ ಐವರು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದಾರೆ ಎಂಬ ಭರವಸೆ ಇದ್ದರೆ ಗೋಲಿನಲ್ಲಿ ಇರುವ ಮನುಷ್ಯ ಉಸಿರಾಡಬಹುದು. ಅದು ನನಗೆ ದೊಡ್ಡದು.

ನಮ್ಮ ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಪಾಡು ಎಲ್ಲರಿಗೂ ಗೊತ್ತಿದೆ. 1967ರಿಂದ ಕಪ್ ಇಲ್ಲ. 2020ರ ಆಗಸ್ಟ್‌ನಲ್ಲಿ ಕೊಲಂಬಸ್ ತಂಡ ನಿರ್ಣಾಯಕ ಐದನೆಯ ಪಂದ್ಯದಲ್ಲಿ ಒಂದೂ ಗೋಲು ಕೊಡದೆ 3-0 ಎಂದು ಮನೆಗೆ ಕಳಿಸಿತು. 2025ರಲ್ಲಿ ಫ್ಲೋರಿಡಾ ವಿರುದ್ಧ ಏಳನೆಯ ಪಂದ್ಯ, ನಮ್ಮದೇ ಊರಿನಲ್ಲಿ, 6-1. ಹೆಸರುವಾಸಿ ದಾಳಿಕೋರರು ನಮ್ಮಲ್ಲಿ ಎಂದಾದರೂ ಕಡಿಮೆಯಿದ್ದರೇ?

ಎಡ್ಮಂಟನ್ ಚಳಿಗಾಳಿ

ಅಕ್ಕ, ನಿಮ್ಮ ಮಗನ ವಿಷಯ ಓದಿ ಮನಸ್ಸು ಭಾರವಾಯಿತು. ಅವನಿಗೆ ಗ್ರಾಂಟ್ ಫ್ಯೂರ್ ಆಟದ ಹಳೆಯ ದೃಶ್ಯಗಳನ್ನು ತೋರಿಸಿ. ಆಯಿಲರ್ಸ್ ಎಲ್ಲರೂ ಮುಂದೆ ನುಗ್ಗುತ್ತಿದ್ದಾಗ ಹಿಂದೆ ಒಬ್ಬರೇ ನಿಂತು ಐದು ಕಪ್‌ಗಳಲ್ಲಿ ಪಾಲುಗೊಂಡವರು ಅವರು. ಬಿಟ್ಟ ಗೋಲುಗಳ ಲೆಕ್ಕ ಅವರನ್ನು ಅಳೆಯಲಿಲ್ಲ. ಪಂದ್ಯ ಕೈತಪ್ಪುವ ಹೊತ್ತಿಗೆ ತಡೆದ ಹೊಡೆತಗಳು ಅಳೆದವು.

ನೀವು ಬರೆದದ್ದನ್ನು ಓದಿದ ಮೇಲೆ ನಾನು ಮೊದಲು ಹೇಳದೆ ಬಿಟ್ಟಿದ್ದನ್ನು ಹೇಳಬೇಕು. 1983ರಲ್ಲಿ ಆಯಿಲರ್ಸ್ 424 ಗೋಲು ಹೊಡೆದು ಫೈನಲ್‌ಗೆ ಬಂದರು. ಎದುರಿಗೆ ಸತತ ಮೂರು ಕಪ್ ಗೆದ್ದಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್. ನಾಲ್ಕು ಪಂದ್ಯಗಳಲ್ಲಿ ಎಡ್ಮಂಟನ್ ಹೊಡೆದದ್ದು ಒಟ್ಟು 6 ಗೋಲು, ಗ್ರೆಟ್ಜ್ಕಿಗೆ ಒಂದೂ ಇಲ್ಲ. ಸೋತು ಹೊರಡುವಾಗ ಗ್ರೆಟ್ಜ್ಕಿ ಮತ್ತು ಅವರ ಜೊತೆಗಾರ ಕೆವಿನ್ ಲೋ ಗೆದ್ದವರ ಕೋಣೆಯ ಮುಂದೆ ಹಾದುಹೋದರು. ಒಳಗೆ ಕುಣಿತ ಇರುತ್ತದೆಂದುಕೊಂಡಿದ್ದರು. ಅಲ್ಲಿ ಕಂಡದ್ದು ಮೊಣಕಾಲಿಗೆ, ಭುಜಕ್ಕೆ ಐಸ್ ಕಟ್ಟಿಕೊಂಡು ಸುಸ್ತಾಗಿ ಕುಳಿತ ಆಟಗಾರರು. ಗೆಲ್ಲಲು ಏನು ತೆರಬೇಕೆಂದು ಆಗ ತಿಳಿಯಿತು ಎಂದು ಗ್ರೆಟ್ಜ್ಕಿ ಎಷ್ಟೋ ಸಲ ಹೇಳಿದ್ದಾರೆ.

ಮರುವರ್ಷ, 1984ರಲ್ಲಿ, ಅದೇ ಎರಡು ತಂಡಗಳ ಫೈನಲ್. ಆ ವರ್ಷವೇ 446 ಗೋಲುಗಳ ದಾಖಲೆ. ಮೊದಲ ಪಂದ್ಯದ ಫಲಿತಾಂಶ ಏನು ಗೊತ್ತೇ? ಎಡ್ಮಂಟನ್ 1, ಐಲ್ಯಾಂಡರ್ಸ್ 0. ಆ ಒಂದು ಗೋಲು ಗ್ರೆಟ್ಜ್ಕಿಯದಲ್ಲ, ಕೆವಿನ್ ಮೆಕ್‌ಕ್ಲೆಲಂಡ್ ಎಂಬ ಕಷ್ಟಜೀವಿ ಆಟಗಾರನದು. ಎರಡನೆಯ ಪಂದ್ಯ 6-1ರಿಂದ ಸೋತರು, ಆಮೇಲೆ ಊರಿಗೆ ಬಂದು 7-2, 7-2, 5-2. ಇಲ್ಲಿನ ಹಳಬರು ಆ ಏಳು ಗೋಲುಗಳನ್ನು ಹಾಡಿ ಹೊಗಳುತ್ತಾರೆ. ನಾನೂ ಇಷ್ಟು ವರ್ಷ ಹಾಗೆಯೇ ಮಾಡಿದೆ. ಆದರೆ ಬಾಗಿಲು ತೆರೆದದ್ದು ಆ 1-0 ಎಂದು ಈಗ ಅನ್ನಿಸುತ್ತಿದೆ.

ಆದರೂ ಹಡ್ಸನ್ ತೀರದವರೇ, ಹಿಡಿದೆಳೆಯುವ ಆಟದ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ.

ಹಡ್ಸನ್ ತೀರ

ಬದಲಾಯಿಸಬೇಡಿ. ಅದರಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. 1996ರಿಂದ 2004ರವರೆಗೆ ಎಷ್ಟೋ ರಾತ್ರಿ ನಾನೂ ಟಿವಿ ಆರಿಸಿ ಮಲಗಿದ್ದುಂಟು. ಇನ್ನೊಂದನ್ನೂ ಹೇಳುತ್ತೇನೆ. ಕಪ್ ಗೆದ್ದ ಮರುವರ್ಷ, 1995-96ರಲ್ಲಿ, ನಮ್ಮ ತಂಡ ಪ್ಲೇಆಫ್‌ಗೇ (ಲೀಗ್ ಹಂತದ ನಂತರ ಕಪ್‌ಗಾಗಿ ನಡೆಯುವ ಸುತ್ತುಗಳಿಗೆ) ಹೋಗಲಿಲ್ಲ. ಅದೇ ತರಬೇತುದಾರ, ಅದೇ ತಂತ್ರ, ಹೆಚ್ಚುಕಡಿಮೆ ಅದೇ ಆಟಗಾರರು. ಗೋಲು ಬಿಡುವುದು ಕಡಿಮೆಯೇ ಇತ್ತು, ಹೊಡೆಯುವುದು ನಿಂತುಹೋಗಿತ್ತು. 2000ದಲ್ಲಿ ಲ್ಯಾರಿ ರಾಬಿನ್‌ಸನ್ ತರಬೇತಿಯಲ್ಲಿ ಮತ್ತೆ ಗೆದ್ದಾಗ ಹೊಡೆಯುವ ಕೈಗಳೂ ಇದ್ದವು; ಮರುವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ನಮ್ಮವೇ.

ಮಾಂಟ್ರಿಯಲ್ ವಿದ್ಯಾರ್ಥಿ

ಅಂಕಪಟ್ಟಿಯ ವಿಷಯ ಯಾರೂ ಎತ್ತಿಲ್ಲ. 1999-2000ದಿಂದ ಎನ್‌ಎಚ್‌ಎಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಸೋತ ತಂಡಕ್ಕೂ ಒಂದು ಅಂಕ ಸಿಗುತ್ತದೆ. ಹೀಗಿರುವಾಗ ಸಮಬಲವಿದ್ದು ಕೊನೆಯ ಹತ್ತು ನಿಮಿಷ ಉಳಿದಿದ್ದರೆ ಯಾರು ತಾನೇ ನುಗ್ಗುತ್ತಾರೆ? ಇಬ್ಬರೂ ಒಂದೊಂದು ಅಂಕ ಜೇಬಿಗೆ ಹಾಕಿಕೊಳ್ಳಲು ಕಾಯುತ್ತಾರೆ.

2024ರ ಜನವರಿಯಲ್ಲಿ ಆರಂಭವಾದ ಮಹಿಳೆಯರ ವೃತ್ತಿಪರ ಲೀಗ್ ನೋಡಿ. ಅಲ್ಲಿ 60 ನಿಮಿಷದೊಳಗೆ ಗೆದ್ದರೆ ಮೂರು ಅಂಕ, ಅನಂತರ ಗೆದ್ದರೆ ಎರಡು. ಇನ್ನೊಂದು ಸೊಗಸಾದ ನಿಯಮವಿದೆ. ಒಬ್ಬ ಆಟಗಾರ್ತಿ ಎರಡು ನಿಮಿಷದ ಶಿಕ್ಷೆಗೆ ಹೊರಗಿದ್ದಾಗ ಅವಳ ತಂಡವೇ ಗೋಲು ಹೊಡೆದರೆ ಅವಳು ತಕ್ಷಣ ಬಿಡುಗಡೆಯಾಗಿ ಒಳಗೆ ಬರಬಹುದು. ಇದಕ್ಕೆ 'ಜೈಲ್‌ಬ್ರೇಕ್' ಎಂದು ಹೆಸರು. ಒಬ್ಬಳು ಕಡಿಮೆಯಿರುವಾಗ ಬಾಗಿಲು ಹಾಕಿ ಕೂರುವುದಕ್ಕಿಂತ ಪಕ್ ಕಸಿದು ಓಡುವುದೇ ಲಾಭ ಎನ್ನಿಸುವಂತೆ ಮಾಡಿದ್ದಾರೆ. ಇಲ್ಲಿನ ಪಂದ್ಯಗಳಿಗೆ ನಾನು ಹೋಗುತ್ತಿರುತ್ತೇನೆ. ಶಿಕ್ಷೆಯಾದ ಕೂಡಲೇ ಜನ ಕುರ್ಚಿಯ ಅಂಚಿಗೆ ಬರುತ್ತಾರೆ, ಎರಡೂ ಕಡೆಯ ಅಭಿಮಾನಿಗಳು.

ನೀಲಿಗೆರೆ

ಚೆನ್ನಾಗಿ ಹೇಳಿದಿರಿ. ನಿಯಮ ಬರೆಯುವವರ ಕೈಯಲ್ಲಿ ಬಹಳಷ್ಟಿದೆ. ತರಬೇತುದಾರರು ನೀರಿನ ಹಾಗೆ, ತಗ್ಗು ಕಂಡ ಕಡೆ ಹರಿಯುತ್ತಾರೆ.

2011ರ ನವೆಂಬರ್‌ನಲ್ಲಿ ನಡೆದದ್ದು ನೆನಪಿಗೆ ಬರುತ್ತದೆ. ಟ್ಯಾಂಪಾ ಬೇ ತಂಡ ಗೀ ಬೌಷೆ ತರಬೇತಿಯಲ್ಲಿ ಒಂದು, ಮೂರು, ಒಂದು ಎಂದು ಸಾಲುಗಟ್ಟಿ ಮಧ್ಯವಲಯದಲ್ಲಿ ನಿಲ್ಲುತ್ತಿತ್ತು. ಫಿಲಡೆಲ್ಫಿಯಾ ತಂಡ ಅದಕ್ಕೆ ಉತ್ತರವಾಗಿ ತನ್ನ ವಲಯದಲ್ಲೇ ಪಕ್ ಹಿಡಿದು ಸುಮ್ಮನೆ ನಿಂತುಬಿಟ್ಟಿತು. ನೀವು ಬನ್ನಿ ಎಂದು ಇವರು, ನೀವೇ ಬನ್ನಿ ಎಂದು ಅವರು. ಹತ್ತು ಜನ ವೃತ್ತಿಪರ ಆಟಗಾರರು ಹಿಮದ ಮೇಲೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಪ್ರೇಕ್ಷಕರು ಕೂಗಾಡುತ್ತಿದ್ದರು. ಕೊನೆಗೆ ಟ್ಯಾಂಪಾ ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದಿತು. ಅಷ್ಟಾದರೂ ಆ ರಾತ್ರಿಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಅದೇ ಟ್ಯಾಂಪಾ ಮುಂದೆ ಏನಾಯಿತೆಂಬುದನ್ನು ನೋಡಬೇಕು. ಜಾನ್ ಕೂಪರ್ ತರಬೇತಿಯಲ್ಲಿ 2018-19ರಲ್ಲಿ 62 ಪಂದ್ಯ ಗೆದ್ದಿತು, ಗೋಲುಗಳ ಮಳೆಯನ್ನೇ ಸುರಿಸಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಕೊಲಂಬಸ್ ಅದನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಟ್ಯಾಂಪಾ ತನ್ನ ತಾರೆಗಳನ್ನು ಮಾರಲಿಲ್ಲ. ಕಷ್ಟದ ಜಾಗಗಳಲ್ಲಿ ಆಡಬಲ್ಲ ಕೆಲವರನ್ನು ತಂದಿತು, ಪಕ್ ಕಳೆದುಕೊಂಡ ಕ್ಷಣ ಎಲ್ಲರೂ ಹಿಂದಿರುಗುವುದನ್ನು ಕಲಿತಿತು. 2020 ಮತ್ತು 2021ರಲ್ಲಿ ಸತತ ಎರಡು ಕಪ್. 2021ರ ಸೆಮಿಫೈನಲ್‌ನ ಏಳನೆಯ ಪಂದ್ಯದಲ್ಲಿ ಎದುರಿಗೆ ಇದ್ದದ್ದು ಗೋಲಿಯ ಅಮ್ಮ ಹೇಳಿದ ಟ್ರಾಟ್ಜ್ ಅವರ ಐಲ್ಯಾಂಡರ್ಸ್. ಟ್ಯಾಂಪಾ ಗೆದ್ದದ್ದು 1-0. ಆ ಒಂದು ಗೋಲು ಬಂದದ್ದು ಟ್ಯಾಂಪಾದ ಒಬ್ಬ ಆಟಗಾರ ಶಿಕ್ಷೆಯಲ್ಲಿ ಹೊರಗಿದ್ದಾಗ.

ಅನಂತರ ಫ್ಲೋರಿಡಾ. 2021-22ರಲ್ಲಿ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದು ಅತಿ ಹೆಚ್ಚು ಅಂಕ ಗಳಿಸಿದ ತಂಡ. ಪ್ಲೇಆಫ್‌ನ ಎರಡನೆಯ ಸುತ್ತಿನಲ್ಲಿ ಟ್ಯಾಂಪಾ ವಿರುದ್ಧ ನಾಲ್ಕು ಪಂದ್ಯಗಳಲ್ಲಿ ಹೊಡೆದದ್ದು ಮೂರೇ ಗೋಲು. ಆ ಬೇಸಿಗೆಯಲ್ಲಿ ಪಾಲ್ ಮೊರಿಸ್ ತರಬೇತುದಾರರಾಗಿ ಬಂದರು. ತಂಡದಲ್ಲಿ ಅತಿ ಹೆಚ್ಚು ಅಂಕ (ಆಟಗಾರನಿಗೆ ಅದು ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್‌ಗಳ ಮೊತ್ತ) ಗಳಿಸಿದ್ದ ಜೊನಾಥನ್ ಹುಬರ್ಡೊ ಅವರನ್ನೇ ಕ್ಯಾಲ್ಗರಿಗೆ ಕಳಿಸಿ ಮ್ಯಾಥ್ಯೂ ಟಕಾಚಕ್ ಅವರನ್ನು ತಂದರು. 2023ರ ಫೈನಲ್‌ನಲ್ಲಿ ಸೋತು, 2024 ಮತ್ತು 2025ರಲ್ಲಿ ಗೆದ್ದರು.

ಫ್ಲೋರಿಡಾ ಶೈಲಿ ರಕ್ಷಣೆಯೋ ದಾಳಿಯೋ? ನಾನು ಎಷ್ಟು ನೋಡಿದರೂ ಒಂದು ಹೆಸರು ಹಚ್ಚಲಾಗುವುದಿಲ್ಲ. ಅವರು ಮಧ್ಯದಲ್ಲಿ ಕಾಯುವುದಿಲ್ಲ. ಪಕ್ಕನ್ನು ಎದುರಾಳಿಯ ಮೂಲೆಗೆ ಎಸೆದು ಇಬ್ಬರು ಬೆನ್ನಟ್ಟುತ್ತಾರೆ, ಬೋರ್ಡಿಗೆ ಒತ್ತುತ್ತಾರೆ, ಅಲ್ಲೇ ಕಸಿಯುತ್ತಾರೆ. ಎದುರಾಳಿ ತನ್ನ ಗೋಲಿನ ಹತ್ತಿರವೇ ಉಸಿರುಗಟ್ಟುತ್ತಿದ್ದರೆ ಫ್ಲೋರಿಡಾ ಗೋಲಿಗೆ ಅಪಾಯವೆಲ್ಲಿ? ನಾಯಕ ಅಲೆಕ್ಸಾಂಡರ್ ಬಾರ್ಕೊವ್ ಅವರಿಗೆ ರಕ್ಷಣೆಯಲ್ಲಿ ಶ್ರೇಷ್ಠ ಮುನ್ನಡೆ ಆಟಗಾರನಿಗೆ ಕೊಡುವ ಸೆಲ್ಕಿ ಪ್ರಶಸ್ತಿ ಮೂರು ಸಲ ಬಂದಿದೆ. 1994ರಲ್ಲಿ ಡೆಟ್ರಾಯಿಟ್‌ನ ಸೆರ್ಗೆ ಫೆಡರೊವ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನ ಪ್ರಶಸ್ತಿಯನ್ನೂ ಸೆಲ್ಕಿಯನ್ನೂ ಒಟ್ಟಿಗೆ ಪಡೆದದ್ದು ನೆನಪಿದೆಯೇ? ಅಂಥವರನ್ನು ಯಾವ ಸಾಲಿನಲ್ಲಿ ಕೂರಿಸುತ್ತೀರಿ?

ನಾನು ನಂಬಿರುವುದು ಹೀಗೆ. ಎಲ್ಲ ತಂಡಗಳಿಗೂ ಪಕ್ ಬೇಕು. ಅದನ್ನು ಎಲ್ಲಿ ಮರಳಿ ಪಡೆಯುತ್ತೀರಿ ಎಂಬುದರಲ್ಲಿ ಶೈಲಿಯ ವ್ಯತ್ಯಾಸ ಇದೆ. ಲಮೇರ್ ಮಧ್ಯವಲಯದಲ್ಲಿ ಪಡೆದರು, ಮೊರಿಸ್ ಎದುರಾಳಿಯ ಮೂಲೆಯಲ್ಲಿ ಪಡೆಯುತ್ತಾರೆ, 1983ರ ಆಯಿಲರ್ಸ್ ತಮ್ಮ ಬಲೆಯಿಂದ ಹೊರತೆಗೆದ ಮೇಲೆ ಪಡೆಯುತ್ತಿದ್ದರು.

ಎಡ್ಮಂಟನ್ ಚಳಿಗಾಳಿ

ಕೊನೆಯ ಸಾಲು ನೋವು ಕೊಟ್ಟಿತು, ಆದರೆ ಸುಳ್ಳಲ್ಲ. 2024ರ ಫೈನಲ್‌ನಲ್ಲಿ ನಾವು ಮೂರು ಪಂದ್ಯ ಸೋತು, ನಾಲ್ಕನೆಯದನ್ನು 8-1ರಿಂದ ಗೆದ್ದು, ಮೂರಕ್ಕೆ ಮೂರು ಸಮ ಮಾಡಿ ಏಳನೆಯದಕ್ಕೆ ಹೋದೆವು. ಇಡೀ ಊರು ನಿದ್ದೆ ಬಿಟ್ಟಿತ್ತು. ಕಾನರ್ ಮೆಕ್‌ಡೇವಿಡ್ ಆ ಪ್ಲೇಆಫ್‌ನಲ್ಲಿ 42 ಅಂಕ ಗಳಿಸಿದರು, ಸೋತ ತಂಡದಲ್ಲಿದ್ದೂ ಶ್ರೇಷ್ಠ ಆಟಗಾರನ ಪ್ರಶಸ್ತಿ ಪಡೆದರು, ಅದನ್ನು ತೆಗೆದುಕೊಳ್ಳಲು ಹೊರಗೆ ಬರಲೇ ಇಲ್ಲ. ಏಳನೆಯ ಪಂದ್ಯ 2-1.

ಗೋಣಿಕೊಪ್ಪದವ

ನಿಮ್ಮೆಲ್ಲರ ಮಾತು ಓದಿ ಆ ಏಳನೆಯ ಪಂದ್ಯವನ್ನು ಹುಡುಕಿ ನೋಡುತ್ತೇನೆ. ನೋಡುವಾಗ ಯಾವುದರ ಮೇಲೆ ಕಣ್ಣಿಡಬೇಕು?

ನೀಲಿಗೆರೆ

ಪಕ್ ಮೇಲೆ ಇಡಬೇಡಿ. ಮೂರನೆಯ ಅವಧಿಯಲ್ಲಿ ಪಕ್ ಇಲ್ಲದ ಕಡೆ ಇರುವ ಫ್ಲೋರಿಡಾದ ಮೂರನೆಯ ಮುನ್ನಡೆ ಆಟಗಾರನನ್ನು ನೋಡಿ. ಅವನು ಯಾರೇ ಆಗಿರಲಿ.

ಗೋಲಿಯ ಅಮ್ಮ

ಗೋಲಿನಲ್ಲಿರುವ ಸೆರ್ಗೆ ಬೊಬ್ರೊವ್‌ಸ್ಕಿಯನ್ನೂ ನೋಡಿ ಎಂದು ನನ್ನ ಮಗ ಹೇಳುತ್ತಿದ್ದಾನೆ. ನಾಲ್ಕನೆಯ ಪಂದ್ಯದಲ್ಲಿ ಐದು ಗೋಲು ಬಿಟ್ಟು ನಡುವೆಯೇ ಹೊರಬಂದವರು ಅದೇ ವಾರದ ಕೊನೆಯಲ್ಲದಿದ್ದರೂ ಹತ್ತು ದಿನದೊಳಗೆ ಕಪ್ ಎತ್ತಿದರು.

ಗೋಣಿಕೊಪ್ಪದವ

ನೋಡಿದೆ. ನಿನ್ನೆ ರಾತ್ರಿ ಒಂದು ಸಲ, ಇಂದು ಬೆಳಿಗ್ಗೆ ಮೂರನೆಯ ಅವಧಿಯನ್ನಷ್ಟೇ ಇನ್ನೊಂದು ಸಲ. ಎಡ್ಮಂಟನ್ ಒಂದೇ ಸಮನೆ ಒತ್ತುತ್ತಿತ್ತು. ನೀಲಿಗೆರೆಯವರು ಹೇಳಿದ ಆ ಮೂರನೆಯವನು, ಮುಂದೆ ಗೋಲಿನ ಆಸೆ ಕಾಣುತ್ತಿದ್ದರೂ, ಎರಡು ಹೆಜ್ಜೆ ಹಿಂದೆಯೇ ಉಳಿಯುತ್ತಿದ್ದ. ಪಕ್ ಕೈಬಿಟ್ಟರೆ ಮೊದಲು ತಿರುಗುವವನು ಅವನೇ. ನಾನು ಹಾಫ್ ಆಡುತ್ತಿದ್ದಾಗ ನಮ್ಮ ಶಾಲೆಯ ಮೇಷ್ಟ್ರು ಗೆರೆಯ ಆಚೆ ನಿಂತು "ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಹಿಂದೆ" ಎಂದು ಕೂಗುತ್ತಿದ್ದರು. ನನ್ನನ್ನು ಮುಂದೆ ಹೋಗಲು ಬಿಡುವುದಿಲ್ಲವೆಂದು ಆಗ ಅವರ ಮೇಲೆ ತುಂಬ ಕೋಪವಿತ್ತು. ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಅವರ ಮನೆಗೆ ಹೋಗಿ ಈ ಪಂದ್ಯ ತೋರಿಸಬೇಕೆಂದಿದ್ದೇನೆ.